ಬಳ್ಳಾರಿಯ ಸತ್ಯವೇದ, ದೊಡ್ಡಸ್ವಾಮಿಯವರ ತಕರಾರು

ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ 1874ರಲ್ಲಿ ರೈಲು ಓಡತೊಡಗುವುದಕ್ಕೆ ನಾಲ್ಕು ದಶಕ ಮೊದಲೇ ಕನ್ನಡದಲ್ಲಿ ಇಡೀ ಬೈಬಲ್ ಅಚ್ಚಾಗಿತ್ತು. ಆಡಕಿ, ಚಿಂಚೋಳಿಗಳ ಸೀಮೆ ನಿಜಾಮನ ಆಳ್ವಿಕೆಯಲ್ಲಿದ್ದ ಆ ಕಾಲದಲ್ಲಿ, ಕಂಪನಿ ಸರ್ಕಾರಕ್ಕೆ ಸೇರಿದ್ದ ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಸುಮಾರು ಎರಡು ದಶಕ ದುಡಿದು 1831ರ ಹೊತ್ತಿಗೆ ಅನುವಾದವನ್ನು ಮುಗಿಸಿದ್ದರು. ಮುಂದೆ ಕಲಬುರಗಿ, ಬೀದರ ಭಾಗದಲ್ಲಿ ಬೇರೂರಿದ ಮೆಥೊಡಿಸ್ಟ್ ಸಭೆಗಳು ಓದಿದ ‘ಸತ್ಯವೇದ’ ಈ ಪ್ರಾಟೆಸ್ಟೆಂಟ್ ಪರಂಪರೆಯದೇ.

ಕೆಲಸ ಇನ್ನೂ ನಡೆಯುತ್ತಿರುವಾಗಲೇ ಕಟುವಾದ ಆಕ್ಷೇಪ ಬಂದಿತು. ದಕ್ಷಿಣ ಭಾರತದಲ್ಲಿ ಮೂರು ದಶಕ ಕಳೆದು, ಮೈಸೂರು ಸೀಮೆಯ ಜನರಿಂದ ‘ದೊಡ್ಡಸ್ವಾಮಿಯವರು’ ಎನಿಸಿಕೊಂಡಿದ್ದ ಫ್ರೆಂಚ್ ಕ್ಯಾಥೊಲಿಕ್ ಪಾದ್ರಿ ಅಬ್ಬೆ ದ್ಯುಬುವಾ, 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ದೇಶಭಾಷೆಗಳ ಪ್ರಾಟೆಸ್ಟೆಂಟ್ ಅನುವಾದಗಳು ಒರಟಾಗಿವೆಯೆಂದೂ, ಬೈಬಲನ್ನು ಹಾಗೆಯೇ ಜನರ ಕೈಗಿತ್ತರೆ ಲಾಭಕ್ಕಿಂತ ಹಾನಿಯೇ ಹೆಚ್ಚೆಂದೂ ವಾದಿಸಿದರು. ದಾರಿತಪ್ಪಿ ಮರಳಿದ ಮಗನ ಸಾಮತಿಯಲ್ಲಿ, ಅಂದರೆ ಯೇಸು ಹೇಳಿದ ದೃಷ್ಟಾಂತದಲ್ಲಿ, ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸುವ ಪ್ರಸಂಗವನ್ನು ಅವರು ವಿವರಿಸಿದಾಗ ಕೇಳುಗರು ಮುಜುಗರಪಟ್ಟು, ಇನ್ನು ಮುಂದೆ ಕರುವಿನ ಬದಲು ಕುರಿಮರಿ ಎನ್ನಿರೆಂದು ಸಲಹೆ ಕೊಟ್ಟರಂತೆ. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬ ಪ್ರಾಟೆಸ್ಟೆಂಟರು 1824ರಲ್ಲಿ ಪುಸ್ತಕ ಬರೆದೇ ಉತ್ತರಿಸಿದರು. ಅನುವಾದದ ಒರಟುತನದ ಮಾತು ಸುಳ್ಳಾಗಿರಲಿಲ್ಲ. ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಮುಂದೆ ಅದನ್ನು ತಿದ್ದಲು ಕೂರಬೇಕಾಯಿತು. ಆದರೆ ಜಗಳದ ಬೇರು ಇದ್ದುದು ಭಾಷೆಯಲ್ಲಲ್ಲ, ಗ್ರಂಥವನ್ನು ಯಾರು ಯಾರಿಗೆ ಬಿಡಿಸಿ ಹೇಳಬೇಕೆಂಬ ಅಧಿಕಾರದಲ್ಲಿ.

ಆ ಬೇರು ಯೂರೋಪಿನದು. ಮಾರ್ಟಿನ್ ಲೂಥರ್ 1534ರಲ್ಲಿ ಇಡೀ ಬೈಬಲನ್ನು ಜರ್ಮನ್ ಭಾಷೆಯಲ್ಲಿ ಹೊರತಂದರೆ, ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ 1546ರಲ್ಲಿ ‘ವಲ್ಗೇಟ್’ ಎಂಬ ಲ್ಯಾಟಿನ್ ಪಾಠವನ್ನೇ ಪ್ರಮಾಣವೆಂದು ಸಾರಿತು. ಪುಸ್ತಕಗಳ ಎಣಿಕೆಯಲ್ಲೂ ಒಡಕಿತ್ತು: ತೋಬಿತ, ಯೂದಿತ, ಮಕ್ಕಬಿಯರು ಮುಂತಾದವನ್ನು ಸೇರಿಸಿ ಕ್ಯಾಥೊಲಿಕರಿಗೆ 73, ಪ್ರಾಟೆಸ್ಟೆಂಟರಿಗೆ 66. ಬ್ರಿಟಿಷ್ ಬೈಬಲ್ ಸೊಸೈಟಿಯಂತೂ ಆ ಹೆಚ್ಚುವರಿ ಪುಸ್ತಕಗಳ ಮುದ್ರಣಕ್ಕೆ ಹಣ ಕೊಡುವುದಿಲ್ಲವೆಂದು 1826ರಲ್ಲಿ ನಿರ್ಧರಿಸಿತು.

ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಜಂಟಿ ಅನುವಾದಕ್ಕೆ ಬಾಗಿಲು ತೆರೆದ ಮೇಲೆ, 1968ರಲ್ಲಿ ಬೈಬಲ್ ಸೊಸೈಟಿಗಳ ಒಕ್ಕೂಟವೂ ರೋಮ್ ಸಭೆಯೂ ಸೇರಿ ಅದರ ಸೂತ್ರಗಳನ್ನು ರೂಪಿಸಿದವು. ವಿವಾದದ ಪುಸ್ತಕಗಳನ್ನು ಬಿಡದೆ, ಆದರೆ ಬೇರೆ ವಿಭಾಗವಾಗಿ ಅಚ್ಚಿಸಬಹುದೆಂಬುದು ಅವುಗಳಲ್ಲೊಂದು. ಭಾರತೀಯ ಬೈಬಲ್ ಸೊಸೈಟಿ ಆ ಪುಸ್ತಕಗಳನ್ನೂ ಒಳಗೊಂಡು ಸರಳಗನ್ನಡದಲ್ಲಿ ಹೊರತಂದ ‘ಪವಿತ್ರ ಬೈಬಲ್’ ಕ್ಯಾಥೊಲಿಕರ ಪೂಜೆಯಲ್ಲಿ ಬಳಕೆಗೆ ಬಂದಿದೆ. ಪ್ರಾಟೆಸ್ಟೆಂಟ್ ಸಭೆಗಳ ಮೇಜಿನ ಮೇಲೆ ಹೆಚ್ಚಾಗಿ ಇರುವುದು ಹಳೆಯ ಸತ್ಯವೇದವೇ.