ಲೇಸಿನ ಸರವೂ ಅಂಗಿಯ ಗುಂಡಿಯೂ

'ಅಲಂಕಾರ'ವೆಂಬ ಶಬ್ದವನ್ನು ನಾನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಶಾಲೆಯ ಮಕ್ಕಳಿಗೆ ಬಿಡಿಸಿ ಹೇಳುತ್ತ ಬಂದವನು. 'ಅಲಂ' ಎಂದರೆ ಸಾಕು, ಪರ್ಯಾಪ್ತ, 'ಕಾರ'ವೆಂದರೆ ಮಾಡುವಿಕೆ. ಸಾಕೆನಿಸುವಂತೆ ಮಾಡುವುದೇ ಅಲಂಕಾರ. ಈ ಅರ್ಥವನ್ನು ಹಲಗೆಯ ಮೇಲೆ ಬರೆಯುವುದು ಸುಲಭ, ಮನೆಯಲ್ಲಿ ನಡೆಸುವುದು ಕಷ್ಟವೆಂಬುದು ಕಳೆದ ವೈಶಾಖದಲ್ಲಿ ನನ್ನ ಅನುಭವಕ್ಕೆ ಬಂದಿತು.

ನನ್ನ ತಂಗಿಯ ಮಗನ ವಿವಾಹವು ಗೊತ್ತಾಗಿದ್ದಿತು. ನನ್ನ ಗೃಹಿಣಿಗೆ ತವರಿನಿಂದ ಬಂದಿದ್ದ ಎರಡೆಳೆಯ ಚಿನ್ನದ ಸರವು ಹಿರಿಯ ಮಗನ ಕಾಲೇಜಿನ ಖರ್ಚಿಗಾಗಿ ಎಂದೋ ಮಾರಿಹೋಗಿದೆ. ಆ ಮೇಲೆ ಅವಳ ಕೊರಳಿನಲ್ಲಿ ಕರಿಮಣಿಯ ಹೊರತು ಬೇರೊಂದು ಇಲ್ಲ. ಬಂಧುಗಳ ಮುಂದೆ ಬರಿಗೊರಳಿನಲ್ಲಿ ನಿಲ್ಲುವುದು ಚೆನ್ನಲ್ಲವೆಂದು ಭಾವಿಸಿ, ನೆಂಟರಲ್ಲೊಬ್ಬರಿಂದ ಒಂದು ಸರವನ್ನು ಎರವಲು ತರುವೆನೆಂದೆನು. ಅವಳು ಒಪ್ಪಲಿಲ್ಲ. "ಎರವಲು ಒಡವೆ ಹಾಕಿಕೊಂಡರೆ ಮನಸ್ಸೆಲ್ಲ ಅದರ ಕಾವಲಿಗೇ ಹೋಗುವುದು, ಮದುವೆಯನ್ನು ನೋಡುವುದು ಯಾವಾಗ?" ಎಂದಳು. ರಜೆಗೆ ಬಂದಿದ್ದ ಹನ್ನೆರಡು ವರ್ಷದ ಮೊಮ್ಮಗಳು ಜಗಲಿಯಲ್ಲಿ ಕುಳಿತು ದಾರದ ಗಂಟು ಹಾಕುತ್ತಿದ್ದವಳು, "ಅಜ್ಜಿಗೆ ಸರವನ್ನು ನಾನು ಮಾಡಿಕೊಡುವೆನು. ದಾರವಿದೆ, ಡಬ್ಬಿಯಲ್ಲಿ ಗುಂಡಿಗಳಿವೆ" ಎಂದಳು. ನಾನು ನಕ್ಕುಬಿಟ್ಟೆನು. "ಅಂಗಿಯ ಗುಂಡಿ ಕೊರಳಿಗೇರಿದರೆ ನೋಡಿದವರು ಏನೆಂದಾರು?" ಎಂದೆನು. ಹುಡುಗಿಯ ಮುಖ ಬಾಡಿತು. ಕೈಯೊಳಗಿನ ಲಾಳಿ ಮಾತ್ರ ನಿಲ್ಲಲಿಲ್ಲ.

ಆ ಕೆಲಸಕ್ಕೆ ಟ್ಯಾಟಿಂಗ್ ಎಂದು ಹೆಸರು. ಮಗ್ಗ ಬೇಡ, ಚೌಕಟ್ಟು ಬೇಡ. ಬೆರಳುದ್ದದ ಒಂದು ಲಾಳಿ, ಒಂದು ಉಂಡೆ ಹತ್ತಿಯ ದಾರ, ಎರಡು ಕೈ, ಇಷ್ಟೇ ಸಲಕರಣೆ. ಜರ್ಮನರು ಲಾಳಿಯ ಆಕಾರವನ್ನು ಕಂಡು ಇದನ್ನು ಪುಟ್ಟ ದೋಣಿಯ ಕೆಲಸವೆಂದರು. ಇಟಲಿಯವರು ಹರಟೆಯ ಅರ್ಥ ಹೊಳೆಯುವ ಹೆಸರನ್ನೂ, ಫ್ರೆಂಚರು ಹುಡುಗಾಟವೆಂಬ ಹೆಸರನ್ನೂ ಇಟ್ಟರು. ಹೆಸರು ಹುಡುಗಾಟವಾದರೂ ಕೆಲಸವು ಹುಡುಗಾಟವಲ್ಲ. 19ನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನಲ್ಲಿ ರಿಯೇಗೋ ದ ಲಾ ಬ್ರಾಂಶಾರ್ದಿಯೇರ್ ಎಂಬ ಮಹಿಳೆಯು ಇದನ್ನು ಕಲಿಸುವ ಪುಸ್ತಕಗಳನ್ನು ಪ್ರಕಟಿಸಿದಳು. 1886ರಲ್ಲಿ ಹೊರಬಂದ ತೆರೇಸ್ ದ ದಿಲ್ಮಾಂಟಳ ಸೂಜಿಗೆಲಸದ ವಿಶ್ವಕೋಶದಲ್ಲಿ ಇದಕ್ಕೊಂದು ಪ್ರಕರಣವೇ ಮೀಸಲಾಯಿತು. ಲೇಸ್ ಎಂಬ ಇಂಗ್ಲಿಷ್ ಪದದ ಮೂಲವು ಕುಣಿಕೆಯೆಂಬರ್ಥದ ಲ್ಯಾಟಿನ್ ಶಬ್ದ. ನಮ್ಮ ಬಾಯಲ್ಲಿ ಅದು 'ಲೇಸು' ಆಗಿ, ಒಳ್ಳೆಯದೆಂಬ ಅರ್ಥವನ್ನೂ ಅನಾಯಾಸವಾಗಿ ಪಡೆದುಕೊಂಡಿತು!

ಇದರ ಜೀವವೆಲ್ಲ ಒಂದು ಜೋಡಿಗಂಟಿನಲ್ಲಿದೆ. ದಾರದ ತುದಿಯನ್ನು ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಉಳಿದ ಬೆರಳುಗಳ ಸುತ್ತ ಒಂದು ಬಳೆಯಂತೆ ತಂದು ಮತ್ತೆ ಅಲ್ಲಿಯೇ ಹಿಡಿಯಬೇಕು. ಬಲಗೈಯ ಲಾಳಿಯನ್ನು ಆ ಬಳೆಯ ದಾರದ ಕೆಳಗೆ ನುಗ್ಗಿಸಿ ಮೇಲಿನಿಂದ ಹಿಂದಕ್ಕೆ ತಂದರೆ ಅರ್ಧ ಗಂಟು. ಮೇಲಿನಿಂದ ಹೋಗಿ ಕೆಳಗಿನಿಂದ ಹಿಂದಿರುಗಿದರೆ ಉಳಿದರ್ಧ. ಪ್ರತಿ ಅರ್ಧದಲ್ಲಿಯೂ ಎಡಗೈಯ ದಾರವನ್ನು ಸಡಿಲಿಸಿ ಲಾಳಿಯ ದಾರವನ್ನು ಬಿಗಿಯಾಗಿ ಎಳೆಯತಕ್ಕದ್ದು. ಆಗ ಗಂಟು ಲಾಳಿಯ ದಾರವನ್ನು ಬಿಟ್ಟು ಎಡಗೈಯ ದಾರಕ್ಕೆ ದಾಟುವುದು. ಲಾಳಿಯ ದಾರವು ಗಂಟುಗಳ ಒಳಗೆ ನೆಟ್ಟಗೆ ಉಳಿಯುವುದು. ಹೀಗೆ ದಾಟದಿದ್ದರೆ ಎಷ್ಟು ಎಳೆದರೂ ಉಂಗುರವು ಮುಚ್ಚದು. ಹೊಸಬರ ಕಣ್ಣೀರಿಗೆಲ್ಲ ಕಾರಣ ಇದೊಂದೇ. ಎರಡು ಬಣ್ಣದ ದಾರಗಳನ್ನು ತುದಿಗೆ ತುದಿ ಗಂಟುಹಾಕಿ, ಲಾಳಿಗೊಂದು ಕೈಗೊಂದು ಬಣ್ಣ ಬರುವಂತೆ ಅಭ್ಯಾಸಮಾಡಿದರೆ ಯಾವುದು ಯಾವುದನ್ನು ಸುತ್ತಿದೆಯೆಂಬುದು ಕಣ್ಣಿಗೆ ಕಾಣುವುದು.

ಸರಕ್ಕೆ ಸುಲಭವಾದ ಮಾದರಿ ಇದು. 5 ಜೋಡಿಗಂಟು ಹಾಕಿ, ಮುಂದಿನ ಗಂಟನ್ನು ಸ್ವಲ್ಪ ದೂರದಲ್ಲಿ ಹಾಕಿ ಹತ್ತಿರಕ್ಕೆ ಸರಿಸಿದರೆ ನಡುವೆ ಒಂದು ಪುಟ್ಟ ಕುಣಿಕೆ ಏಳುವುದು. ಹೀಗೆ ಐದೈದರಂತೆ 20 ಗಂಟು, 3 ಕುಣಿಕೆಗಳಾದ ಮೇಲೆ ಲಾಳಿಯ ದಾರವನ್ನು ಎಳೆದರೆ ಉಂಗುರವಾಯಿತು. ಅರ್ಧ ಸೆಂಟಿಮೀಟರಿನಷ್ಟು ಬರಿದಾರ ಬಿಟ್ಟು ಎರಡನೆಯ ಉಂಗುರಕ್ಕೆ ತೊಡಗಿ, ಅದರ 5 ಗಂಟುಗಳಾದೊಡನೆ ಮೊದಲ ಉಂಗುರದ ಕಡೆಯ ಕುಣಿಕೆಯೊಳಗಿನಿಂದ ಕೈಯ ದಾರವನ್ನು ಎಳೆದು, ಅದರೊಳಗೆ ಲಾಳಿಯನ್ನು ದಾಟಿಸಿ ಜೋಡಿಸಬೇಕು. ಕುಣಿಕೆಯು ಜೋಡಣೆಗೂ ಸೊಬಗಿಗೂ ಒಂದೇ. ಕೊರಳಿನ ಅಳತೆಗೆ ಬರುವವರೆಗೆ ಉಂಗುರಗಳನ್ನು ಬೆಳೆಸಿ, ನಾಲ್ಕೈದು ಉಂಗುರಗಳಿಗೊಂದರಂತೆ ಗುಂಡಿಗಳನ್ನು ಅದೇ ದಾರದಿಂದ ಹೊಲಿಯುವುದು. ದಾರದ ಸಂಖ್ಯೆ ಹೆಚ್ಚಿದಷ್ಟೂ ಎಳೆ ತೆಳುವು. ಕಲಿಯುವವರಿಗೆ 10, ಕೈ ಕುದುರಿದವರಿಗೆ 20 ಸರಿಯಾದುದು.

ಗುಂಡಿಯು ಕೊರಳಿಗೇರುವುದೇ ಎಂದು ನಕ್ಕೆನಷ್ಟೆ? ಪುಸ್ತಕಗಳನ್ನು ತೆರೆದು ನೋಡಿದಾಗ ನನ್ನ ನಗೆಯೇ ನಗೆಗೀಡಾಯಿತು. ಮೊಹೆಂಜೊದಾರೋವಿನ ನೆಲದಲ್ಲಿ 4000 ವರ್ಷಗಳಿಗೂ ಹಿಂದಿನ ಚಿಪ್ಪಿನ ಗುಂಡಿಗಳು ದೊರೆತಿವೆ. ಅವು ಮುಖ್ಯವಾಗಿ ಅಲಂಕಾರಕ್ಕಾಗಿಯೇ ಇದ್ದುವೆಂದು ವಿದ್ವಾಂಸರ ಮತ. ಯೂರೋಪಿನಲ್ಲಿ ಬಟ್ಟೆಗೆ ಕಾಜಾ ಹೊಲಿದು ಗುಂಡಿ ಹಾಕುವ ಪದ್ಧತಿ ಹರಡಿದ್ದು 13ನೆಯ ಶತಮಾನದಲ್ಲಿ. ಹಾಗಾದರೆ ಗುಂಡಿಯ ಹಳೆಯ ವೃತ್ತಿ ಆಭರಣ. ಅಂಗಿಯ ಕಾವಲು ಆ ಮೇಲೆ ಬಂದ ಉದ್ಯೋಗ!

ಹಳೆಯ ಡಬ್ಬಿಯಲ್ಲಿ ಮುತ್ತಿನ ಚಿಪ್ಪಿನ ಗುಂಡಿಗಳಿದ್ದರೆ ಅವನ್ನು ಆರಿಸತಕ್ಕದ್ದು. ಕೆನ್ನೆಗೆ ಮುಟ್ಟಿಸಿದರೆ ಚಿಪ್ಪು ತಣ್ಣಗಿರುವುದು, ಪ್ಲಾಸ್ಟಿಕ್ಕು ಹಾಗಿರದು. ಒಂದೆಚ್ಚರಿಕೆ: ನಾವು ಒಡವೆಯೆಂದೊಡನೆ ಹುಣಸೆಹಣ್ಣಿನಿಂದ ತಿಕ್ಕುವವರು. ಚಿಪ್ಪು ಸುಣ್ಣದ ಅಂಶದಿಂದಾದುದು. ಹುಳಿ ತಗುಲಿದರೆ ಹೊಳಪು ಹಾಳಾಗುವುದು. ಸೌಮ್ಯವಾದ ಸಾಬೂನಿನ ನೀರಿನಲ್ಲಿ ಅದ್ದಿ ತೆಗೆದು, ತೆಳುವಾದ ಗಂಜಿ ಹಾಕಿ, ಬಟ್ಟೆಯ ಮೇಲೆ ಹರಡಿ ಗುಂಡುಸೂಜಿ ಚುಚ್ಚಿ ನೆರಳಿನಲ್ಲಿ ಒಣಗಿಸಬೇಕು. ಬಣ್ಣದ ದಾರವಾದರೆ ಬಣ್ಣ ಬಿಡುವುದೋ ಎಂದು ಮೊದಲೇ ತೊಳೆದು ನೋಡುವುದೊಳ್ಳೆಯದು. ಗುಂಡಿಗಳನ್ನು ಎಳೆಯ ಮಕ್ಕಳ ಕೈಗೆ ಸಿಕ್ಕದಂತಿಡುವುದು ಅವಶ್ಯ.

ಮದುವೆಯ ದಿನ ನನ್ನ ಗೃಹಿಣಿಯು ಹಸಿರು ಸೀರೆಯುಟ್ಟು ಆ ಬಿಳಿಯ ಸರವನ್ನು ಧರಿಸಿ ಬಂದಳು. ನಾನು ಬಂಧುಗಳ ಕಣ್ಣುಗಳನ್ನೇ ನೋಡುತ್ತಿದ್ದೆನು. ಕೆಲವರು ಗಮನಿಸಲೇ ಇಲ್ಲ. ಒಬ್ಬಾಕೆ ಚಿನ್ನವಲ್ಲವೆಂದು ಕಂಡು ಮಾತು ತಿರುಗಿಸಿದಳು. ವೃದ್ಧೆಯೊಬ್ಬರು ಮಾತ್ರ ಹತ್ತಿರ ಬಂದು ಬೆರಳಿನಿಂದ ಮುಟ್ಟಿ, "ಎಲ್ಲಿ ಮಾಡಿಸಿದೆಯಮ್ಮ?" ಎಂದು ಕೇಳಿದರು. "ನಮ್ಮ ಮನೆಯಲ್ಲಿ" ಎಂದು ಅವಳು ಮೊಮ್ಮಗಳನ್ನು ಮುಂದಕ್ಕೆ ಕರೆದಳು.

ಆಗ ನಾನೂ ಸಮೀಪದಿಂದ ನೋಡಿದೆನು. ನಡುವಿನ ದೊಡ್ಡ ಗುಂಡಿಯನ್ನು ಎಲ್ಲಿಯೋ ಕಂಡಂತಿದ್ದಿತು. ಉದ್ಯೋಗಕ್ಕೆ ಸೇರಿದ ವರ್ಷ ನಾನು ಹೊಲಿಸಿದ ಕೋಟಿನದು ಅದು! ಎರಡು ಬದಿಯ ಚಿಕ್ಕವು ವರ್ಷ ವರ್ಷವೂ ಹರಿದುಹೋದ ನನ್ನ ಅಂಗಿಗಳವು. ತನ್ನ ಸರವನ್ನು ಮಾರಲು ಕೊಟ್ಟವಳು ನನ್ನ ಅಂಗಿಗಳ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಡಬ್ಬಿಯಲ್ಲಿಟ್ಟಿದ್ದಳು; ಅದನ್ನು ನಾನು ಒಂದು ದಿನವಾದರೂ ತೆರೆದು ನೋಡಿದವನಲ್ಲ. ಕತ್ತಿನ ಹಿಂದೆ ಸರವನ್ನು ಸೇರಿಸಿದ್ದುದೂ ಒಂದು ಗುಂಡಿ, ಒಂದು ದಾರದ ಕುಣಿಕೆ. ಅದೊಂದು ಮಾತ್ರ ತನ್ನ ಹಳೆಯ ಉದ್ಯೋಗವನ್ನು ಬಿಟ್ಟಿರಲಿಲ್ಲ.

ಮನೆಗೆ ಬಂದ ಮೇಲೆ ಮೊಮ್ಮಗಳ ಬಳಿ ನನ್ನ ತಪ್ಪನ್ನು ಒಪ್ಪಿಕೊಂಡೆನು. ಅವಳು ದಂಡವಾಗಿ ಲಾಳಿಗೆ ದಾರ ಸುತ್ತುವ ಕೆಲಸವನ್ನು ನನಗೆ ವಿಧಿಸಿದಳು. ಅದನ್ನು ಈಗ ತಕ್ಕಮಟ್ಟಿಗೆ ಮಾಡಬಲ್ಲೆನು. ವಾಚಕರ ಮನೆಗಳಲ್ಲಿಯೂ ಇಂತಹ ಡಬ್ಬಿಯೊಂದು ಇದ್ದೀತು. ಅದನ್ನು ಒಮ್ಮೆ ತೆರೆದು ನೋಡಬೇಕೆಂದು ಅರಿಕೆ.