ಅವಳಿಗಳ ಉಸಿರಿಗೆ ಯಾವ ಕಾವಲು?

ಈಗಷ್ಟೇ ಹುಟ್ಟಿದ ಮಗು ನಿಮಿಷಕ್ಕೆ 40ರಿಂದ 60 ಸಲ ಉಸಿರಾಡುತ್ತದೆ, ಆದರೆ ಒಂದೇ ಲಯದಲ್ಲಲ್ಲ. ಸರಸರನೆ ನಾಲ್ಕಾರು ಉಸಿರು ಎಳೆದು, ಐದು ಸೆಕೆಂಡ್, ಕೆಲವೊಮ್ಮೆ ಹತ್ತು ಸೆಕೆಂಡ್ ಸುಮ್ಮನಿದ್ದು, ಮತ್ತೆ ಶುರು ಮಾಡುತ್ತದೆ. ಮೆದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರ ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಅಷ್ಟೇ. ಇದು ರೋಗವಲ್ಲ. ಆದರೆ ನಡುರಾತ್ರಿ ತೊಟ್ಟಿಲಿಗೆ ಬಗ್ಗಿ ನೋಡುವ ತಾಯಿಗೆ ಆ ಹತ್ತು ಸೆಕೆಂಡ್ ಮುಗಿಯುವುದೇ ಇಲ್ಲ. ಅವಳಿಗಳಾದರೆ ಒಂದರ ಎದೆ ಏರಿಳಿಯುವುದನ್ನು ನೋಡಿ ಸಮಾಧಾನವಾಗುವಷ್ಟರಲ್ಲಿ ಇನ್ನೊಂದರ ಚಿಂತೆ.

ಬೆಳಗಾವಿಯ ರಾಮತೀರ್ಥ ನಗರದಂಥ ಬಡಾವಣೆಗಳಲ್ಲಿ ಬಾಣಂತಿ ಕೋಣೆ ಒಂದು ಅಂತಸ್ತಿನಲ್ಲಿ, ಅಡುಗೆಮನೆ ಇನ್ನೊಂದರಲ್ಲಿ ಇರುವುದುಂಟು. ಅಜ್ಜಿಗೆ ಮೊಣಕಾಲು ನೋವು, ಅಪ್ಪನಿಗೆ ಬೆಳಗಿನ ಡ್ಯೂಟಿ. ಅಂಥ ಮನೆಗೆ ಬೇಬಿ ಮಾನಿಟರ್ ಬರುವುದು ಎರಡು ದಾರಿಯಲ್ಲಿ: ಮೊಬೈಲಿನಲ್ಲಿ ಆರ್ಡರ್ ಮಾಡಿ, ಇಲ್ಲವೇ ಅಮೆರಿಕದಲ್ಲಿರುವ ಚಿಕ್ಕಪ್ಪನ ಸೂಟ್‌ಕೇಸಿನಲ್ಲಿ. ಕೊಳ್ಳುವ ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. "ಯಾವ ಮಗು ಅಳುತ್ತಿದೆ?" ಎಂಬ ಪ್ರಶ್ನೆಗೆ ಉತ್ತರಿಸುವ ಯಂತ್ರವೇ ಬೇರೆ, "ಉಸಿರಾಡುತ್ತಿದೆಯೇ?" ಎಂಬುದಕ್ಕೆ ಉತ್ತರಿಸುತ್ತೇನೆ ಎನ್ನುವ ಯಂತ್ರವೇ ಬೇರೆ. ಮೊದಲನೆಯದು ಹೇಳಿದ ಕೆಲಸ ಮಾಡುತ್ತದೆ. ಎರಡನೆಯದರ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ.

ಅಳು ಕೇಳಿಸುವ ಯಂತ್ರಕ್ಕೆ ಎಂಬತ್ತು ದಾಟಿದ ವಯಸ್ಸು. 1932ರಲ್ಲಿ ವಿಮಾನಯಾನಿ ಲಿಂಡ್‌ಬರ್ಗ್‌ನ ಎಳೆಮಗುವನ್ನು ಕಳ್ಳರು ಮನೆಯಿಂದಲೇ ಹೊತ್ತೊಯ್ದಾಗ ಅಮೆರಿಕದ ಶ್ರೀಮಂತರೆಲ್ಲ ಬೆದರಿದ್ದರು. ಜೆನಿತ್ ರೇಡಿಯೋ ಕಂಪನಿಯ ಯಜಮಾನ ಮೆಕ್‌ಡೊನಾಲ್ಡ್‌ನಿಗೂ ಮಗಳಿದ್ದಳು. ಆತ ಮಾಡಿಸಿದ 'ರೇಡಿಯೋ ನರ್ಸ್' 1937ರಲ್ಲಿ ಬಂತು. ಅದರ ಹೊರಕವಚ ರೂಪಿಸಿದವನು ಶಿಲ್ಪಿ ಇಸಾಮು ನೊಗುಚಿ. ತೊಟ್ಟಿಲ ಬಳಿಯ ಮೈಕು ಕೇಳಿದ್ದು ಮನೆಯ ವಿದ್ಯುತ್ ತಂತಿಯ ಮೂಲಕವೇ ಹರಿದು ಇನ್ನೊಂದು ಕೋಣೆಯ ಸ್ಪೀಕರಿಗೆ ಬರುತ್ತಿತ್ತು.

ಈಗ ತಂತಿಯ ಬದಲು ರೇಡಿಯೋ ಅಲೆ ಅಥವಾ ವೈಫೈ. ದನಿ ಒಂದು ಮಟ್ಟ ಮೀರಿದಾಗ ಮಾತ್ರ ಮೈಕು ಎಚ್ಚರಗೊಳ್ಳುತ್ತದೆ. ಮಟ್ಟ ತೀರ ಕೆಳಗಿಟ್ಟರೆ ಕುಕ್ಕರಿನ ಸೀಟಿ, ಬೀದಿನಾಯಿ, ತಗಡಿನ ಮೇಲಿನ ಮಳೆ ಎಲ್ಲವೂ ನಿಮ್ಮ ದಿಂಬಿನ ಪಕ್ಕ ಬರುತ್ತವೆ. ತೀರ ಮೇಲಿಟ್ಟರೆ ತಿಂಗಳು ತುಂಬದ ಮಗುವಿನ ಕ್ಷೀಣ ಅಳು ಒಳಗೇ ಉಳಿಯುತ್ತದೆ. ಅವಳಿಗಳಿಗೆ ಬೇಕಾದದ್ದು ಒಂದು ರಿಸೀವರ್, ಎರಡು ಮೈಕು, ಯಾವ ಮೈಕು ಉಲಿಯಿತೆಂದು ತೋರಿಸುವ ಬೇರೆಬೇರೆ ದೀಪ. ಎರಡೂ ಮಕ್ಕಳು ಒಂದೇ ಕೋಣೆಯಲ್ಲಿದ್ದರೆ ಅದೂ ವ್ಯರ್ಥ, ಒಂದರ ಅಳು ಎರಡೂ ಮೈಕಿಗೆ ಕೇಳುತ್ತದೆ. ಆಗ ಒಂದೇ ಸಾಕು.

ಚಿಕ್ಕಪ್ಪನ ಸೂಟ್‌ಕೇಸಿನ ಮಾನಿಟರಿಗೆ ಇನ್ನೊಂದು ತೊಡಕಿದೆ. ಅಮೆರಿಕದಲ್ಲಿ 'ಡೆಕ್ಟ್ 6.0' ಹೆಸರಿನಲ್ಲಿ ಮಾರುವ ಉಪಕರಣಗಳು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ನಮ್ಮಲ್ಲಿ ಆ ಪಟ್ಟಿ ಮೊಬೈಲ್ ಕಂಪನಿಗಳಿಗೆ ಸೇರಿದ್ದು, ನಿಮ್ಮ ಫೋನು ಟವರಿಗೆ ಮಾತಾಡುವ ಜಾಗ. ತೊಟ್ಟಿಲ ಪಕ್ಕದ ಮಾನಿಟರು ಅಕ್ಕಪಕ್ಕದವರ ಫೋನಿಗೆ ಅಡ್ಡಬರಬಹುದು. ಚಾರ್ಜರ್ 110 ವೋಲ್ಟಿನದೇ, 230ಕ್ಕೂ ತಾಳುತ್ತದೆಯೇ ಎಂದೂ ನೋಡಬೇಕು. ಬಾಣಂತನಕ್ಕೆ ತವರು ಖಾನಾಪುರ ತಾಲೂಕಾದರೆ ವೈಫೈ ನಂಬುವ ಮಾದರಿ ಬೇಡವೇ ಬೇಡ. ಕನಕುಂಬಿ, ಜಾಂಬೋಟಿ ಕಡೆಯ ಆಷಾಢದ ಮಳೆಯಲ್ಲಿ ಕರೆಂಟಿನ ಜೊತೆ ನೆಟ್‌ವರ್ಕೂ ಹೋದರೆ ಮೊಬೈಲಿನ ಆ್ಯಪ್ ಏನು ಮಾಡೀತು? ಬ್ಯಾಟರಿಯಲ್ಲಿ ನಡೆಯುವ ಹಳೆಯ ಬಗೆಯದೇ ಅಲ್ಲಿಗೆ ಸರಿ.

ಇನ್ನು ಉಸಿರು ಕಾಯುವ ಯಂತ್ರಗಳು. ಹಾಸಿಗೆಯ ಕೆಳಗಿಡುವ ಪ್ಯಾಡ್ ಎದೆಯ ಏರಿಳಿತದಿಂದ ಹುಟ್ಟುವ ಸಣ್ಣ ಅಲುಗಾಟವನ್ನು ಹಿಡಿಯುತ್ತದೆ. ಸುಮಾರು 20 ಸೆಕೆಂಡ್ ಏನೂ ಅಲುಗದಿದ್ದರೆ ಕೂಗುತ್ತದೆ. ಗಟ್ಟಿ ಮಂಚದ, ಒಂದೇ ಮಗುವಿನ ಕೋಣೆಯಲ್ಲಿ ಇದು ನಡೆದೀತು. ಆದರೆ ಎರಡು ಮಕ್ಕಳನ್ನು ಒಂದೇ ಹಾಸಿಗೆಯಲ್ಲಿ ಮಲಗಿಸಿದರೆ ಒಂದರ ಉಸಿರು ನಿಂತರೂ ಇನ್ನೊಂದರ ಅಲುಗಾಟ ಪ್ಯಾಡಿಗೆ ಸಾಕು, ಅದು ಸುಮ್ಮನಿರುತ್ತದೆ. ತೂಗುವ ತೊಟ್ಟಿಲಲ್ಲಿ ಅದಕ್ಕೆ ಸಿಗುವುದು ತೊಟ್ಟಿಲ ಓಲಾಟ. ತಲೆಯ ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಅದರ ಕಂಪನವನ್ನೂ ಉಸಿರೆಂದೇ ಬಗೆಯಬಹುದು. ಇವೆಲ್ಲಕ್ಕಿಂತ ದೊಡ್ಡ ಕೊರತೆ ಬೇರೆ. ಗಂಟಲ ದಾರಿ ಮುಚ್ಚಿ ಗಾಳಿ ಹೋಗದೆ ಮಗು ಒದ್ದಾಡುತ್ತಿದ್ದರೆ ಎದೆ ಇನ್ನೂ ಅಲುಗುತ್ತಿರುತ್ತದೆ. ಪ್ಯಾಡಿನ ಲೆಕ್ಕದಲ್ಲಿ ಎಲ್ಲ ಕ್ಷೇಮ.

ಪಾದಕ್ಕೆ ತೊಡಿಸುವ ಕಾಲುಚೀಲದ ಮಾದರಿ ಇದಕ್ಕಿಂತ ಜಾಣ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರಿನ ತತ್ವವೇ ಅದರದ್ದು. ಆಮ್ಲಜನಕ ಹೊತ್ತ ರಕ್ತ ಮತ್ತು ಹೊರದ ರಕ್ತ ಕೆಂಪು ಬೆಳಕನ್ನೂ ಅವಕೆಂಪನ್ನೂ ಬೇರೆಬೇರೆ ಪ್ರಮಾಣದಲ್ಲಿ ಹೀರುತ್ತವೆ. ನಾಡಿ ಮಿಡಿದಾಗ ಆ ಎರಡರ ಅನುಪಾತ ಹೇಗೆ ಬದಲಾಗುತ್ತದೆಂದು ನೋಡಿದರೆ ರಕ್ತದ ಆಮ್ಲಜನಕ ತಿಳಿಯುತ್ತದೆಂದು 1970ರ ದಶಕದಲ್ಲಿ ಜಪಾನಿನ ತಕುವೊ ಅಯೊಯಾಗಿ ಕಂಡುಕೊಂಡ. ಆದರೆ ಮಗು ಕಾಲು ಝಾಡಿಸಿದರೆ ಲೆಕ್ಕ ಕೆಡುತ್ತದೆ. ಕಪ್ಪು ಚರ್ಮದಲ್ಲಿ ಈ ಯಂತ್ರಗಳು ಆಮ್ಲಜನಕವನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸುವುದುಂಟೆಂದು 2020ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ನಮ್ಮ ಮಕ್ಕಳ ಮಟ್ಟಿಗೆ ಇದು ಸಣ್ಣ ಮಾತಲ್ಲ.

ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆ ಮನೆಬಳಕೆಯ ಇಂಥ ಎರಡು ಉಪಕರಣಗಳನ್ನು 30 ಶಿಶುಗಳಿಗೆ ತೊಡಿಸಿ ನೋಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಒಂದು ಆಮ್ಲಜನಕ ಕುಸಿದದ್ದನ್ನು ಹಿಡಿಯಿತು, ಆದರೆ ಪ್ರತಿ ಸಲವೂ ಅಲ್ಲ. ಇನ್ನೊಂದು ಒಮ್ಮೆಯೂ ಹಿಡಿಯಲಿಲ್ಲ. ಹೆಸರುವಾಸಿಯಾದ ಔಲೆಟ್ ಕಂಪನಿಗೆ ಅಮೆರಿಕದ ಔಷಧ ನಿಯಂತ್ರಕರು 2021ರಲ್ಲಿ ಎಚ್ಚರಿಕೆಯ ಪತ್ರ ಕಳಿಸಿದರು, 2023ರಲ್ಲಿ ಅದರ ಹೊಸ ಕಾಲುಚೀಲಕ್ಕೆ ಅನುಮತಿಯನ್ನೂ ಕೊಟ್ಟರು. ಯಾರಿಗೆ? ಒಂದು ತಿಂಗಳಿಂದ ಹದಿನೆಂಟು ತಿಂಗಳ, ಸುಮಾರು 2.7 ಕಿಲೋಗಿಂತ ಹೆಚ್ಚು ತೂಗುವ ಆರೋಗ್ಯವಂತ ಮಕ್ಕಳಿಗೆ. ಆಗಷ್ಟೇ ಹುಟ್ಟಿದ, ಎರಡು ಕಿಲೋ ಆಸುಪಾಸಿನ ಅವಳಿಗಳು ಆ ಅನುಮತಿಯ ಹೊರಗೇ ಉಳಿದರು!

ಮನೆಯಲ್ಲಿ ಉಸಿರು ಕಾಯುವ ಈ ಹಂಬಲದ ಹಿಂದೆ ಒಂದು ಕರಾಳ ಕಥೆಯೂ ಇದೆ. ನಿದ್ದೆಯಲ್ಲಿ ಶಿಶುಗಳು ದಿಢೀರನೆ ಸಾಯುವುದಕ್ಕೆ ಮುನ್ಸೂಚನೆಯಾಗಿ ಉಸಿರಿನ ದೀರ್ಘ ತಡೆಗಳು ಬರುತ್ತವೆಂದು 1972ರಲ್ಲಿ ಆಲ್ಫ್ರೆಡ್ ಸ್ಟೈನ್‌ಶ್ನೈಡರ್ ಎಂಬ ಅಮೆರಿಕದ ವೈದ್ಯ ಪ್ರಬಂಧ ಬರೆದ. ಅದರಲ್ಲಿ ಒಂದೇ ತಾಯಿಯ ಇಬ್ಬರು ಮಕ್ಕಳ ಸಾವೂ ಸಾಕ್ಷಿಯಾಗಿತ್ತು. ಮಾನಿಟರುಗಳ ಉದ್ಯಮ ಬೆಳೆಯಿತು. 1995ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು: ಆ ತಾಯಿ ತನ್ನ ಐದೂ ಮಕ್ಕಳನ್ನು ಉಸಿರುಗಟ್ಟಿಸಿ ಕೊಂದಿದ್ದಳು. 2001ರಲ್ಲಿ ಸಾವಿರಕ್ಕೂ ಹೆಚ್ಚು ಶಿಶುಗಳನ್ನು ಮನೆಯಲ್ಲೇ ಅಳೆದ ದೊಡ್ಡ ಅಧ್ಯಯನ ಬಂದಾಗ ಇನ್ನೊಂದು ಸತ್ಯ ಹೊರಬಿತ್ತು. ಪೂರ್ಣಾವಧಿಗೆ ಹುಟ್ಟಿದ, ಏನೂ ತೊಂದರೆಯಿಲ್ಲದ ಮಕ್ಕಳಲ್ಲೂ ನೂರಕ್ಕೆ 43 ಮಕ್ಕಳು ಒಮ್ಮೆಯಾದರೂ ಅಲಾರಂ ಮಿತಿ ದಾಟಿದ್ದರು, ಚೆನ್ನಾಗಿಯೂ ಇದ್ದರು. ನಿದ್ದೆಯಲ್ಲಿನ ದಿಢೀರ್ ಸಾವನ್ನು ಮನೆಯ ಮಾನಿಟರು ತಡೆಯುತ್ತದೆಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2003ರಿಂದಲೂ ಹೇಳುತ್ತಿದೆ.

ನಿಜವಾಗಿ ಕಾವಲು ಬೇಕಾದ ಮಕ್ಕಳು ಬೇರೆ ಇದ್ದಾರೆ. ಅವಳಿಗಳಲ್ಲಿ ಬಹಳ ಮಂದಿ 37 ವಾರ ತುಂಬುವ ಮುಂಚೆಯೇ ಹುಟ್ಟುತ್ತಾರೆ. 34 ವಾರಕ್ಕೂ ಮೊದಲು ಹುಟ್ಟಿದವರಲ್ಲಿ 20 ಸೆಕೆಂಡ್ ಮೀರಿದ ತಡೆಗಳು ಸಾಮಾನ್ಯ; ಜೊತೆಗೆ ಹೃದಯಬಡಿತ ಕುಸಿದು ಮೈ ನೀಲಿಗಟ್ಟಲೂಬಹುದು. ಅದಕ್ಕೇ ಅವರನ್ನು ಆಸ್ಪತ್ರೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) ಇಡುವುದು, ಉಸಿರಿನ ಕೇಂದ್ರವನ್ನು ತಟ್ಟಿ ಎಬ್ಬಿಸಲು ಕೆಫೀನ್ ಸಿಟ್ರೇಟ್ ಕೊಡುವುದು. (ಕಾಫಿಯಲ್ಲಿರುವ ಕೆಫೀನೇ, ಆದರೆ ಮನೆಯಲ್ಲಿ ಡಿಕಾಕ್ಷನ್ ನೆಕ್ಕಿಸುವ ಸಾಹಸ ಬೇಡ.) ಬೆಂಗಳೂರಿನ ಬೆಂಪು ಎಂಬ ಕಂಪನಿ ಇಂಥ ಮಕ್ಕಳ ಪಾದಕ್ಕೆ ಕಟ್ಟುವ ಉಪಕರಣವೊಂದನ್ನು ಮಾಡಿದೆ. ಉಸಿರು ನಿಂತರೆ ಅದು ಕೂಗಿ ಸುಮ್ಮನಾಗುವುದಿಲ್ಲ, ಪಾದಕ್ಕೇ ಕಂಪನ ಕೊಟ್ಟು ಮಗುವನ್ನು ಎಚ್ಚರಿಸುತ್ತದೆ. ನರ್ಸ್ ಬೆರಳಿನಿಂದ ಅಂಗಾಲು ತಟ್ಟುವ ಕೆಲಸವೇ ಅದು.

ಅಲಾರಂ ಕೂಗಿದ ಮೇಲೆ ಯಾರ ಕೈ ಏನು ಮಾಡುತ್ತದೆ ಎಂಬುದಕ್ಕೆ ಬೆಳಗಾವಿಯಲ್ಲೇ ಪಾಠವಿದೆ. ನೆಹರೂ ನಗರದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಶಿವಪ್ರಸಾದ ಗೌಡರ ಮತ್ತು ಸಂಗಡಿಗರು ಜಿಲ್ಲೆಯ 599 ಹೆರಿಗೆ ಸಹಾಯಕರಿಗೆ, ಹುಟ್ಟಿದ ಕೂಡಲೇ ಉಸಿರಾಡದ ಮಗುವನ್ನು ಹೇಗೆ ನೋಡಿಕೊಳ್ಳಬೇಕೆಂದು ಕಲಿಸಿದರು. ಒರೆಸಿ ಒಣಗಿಸುವುದು, ಬೆನ್ನು ಉಜ್ಜುವುದು, ಆದರೂ ಉಸಿರು ಬಾರದಿದ್ದರೆ ಮೊದಲ ನಿಮಿಷದೊಳಗೆ ಮಾಸ್ಕ್ ಇಟ್ಟು ಬ್ಯಾಗಿನಿಂದ ಗಾಳಿ ತುಂಬುವುದು. 2013ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಸತ್ತು ಹುಟ್ಟಿದವೆಂದು ದಾಖಲಾಗುವ ಮಕ್ಕಳು ಶೇ. 3.0ರಿಂದ 2.3ಕ್ಕೆ ಇಳಿದರು. ಕರೆಂಟು ಬೇಡದ ರಬ್ಬರ್ ಬ್ಯಾಗು ಮತ್ತು ಕಲಿತ ಕೈ ಇದ್ದರೆ ಸತ್ತಿದೆಯೆಂದು ಬದಿಗಿಡುತ್ತಿದ್ದ ಕೆಲವಾದರೂ ಮಕ್ಕಳು ಉಸಿರು ಹಿಡಿಯುತ್ತಾರೆಂದಾಯಿತು. ಅದು ಹೆರಿಗೆ ಕೋಣೆಯ ವಿದ್ಯೆ, ಮನೆಯದಲ್ಲ. ಆದರೆ ಮನೆಗೆ ಕಳಿಸುವ ಮುಂಚೆ ಶಿಶುವಿನ ಪ್ರಥಮ ಚಿಕಿತ್ಸೆಯನ್ನು ಅಪ್ಪ, ಅಮ್ಮ, ಅಜ್ಜಿ ಮೂವರಿಗೂ ಕಲಿಸಿಕೊಡಿ ಎಂದು ಆಸ್ಪತ್ರೆಯವರನ್ನು ಕೇಳಬಹುದು. ಕೇಳಲೇಬೇಕು.

ನನ್ನನ್ನು ಕೇಳಿದರೆ, ಪೂರ್ಣಾವಧಿಯ ಆರೋಗ್ಯವಂತ ಅವಳಿಗಳಿಗೆ ಅಳು ಕೇಳಿಸುವ ಸರಳ ಮಾನಿಟರ್ ಕೊಳ್ಳಿ, ಉಸಿರಿನದು ಬಿಡಿ. ಉಳಿದ ಹಣದಲ್ಲಿ ಎರಡು ಗಟ್ಟಿ, ಸಪಾಟಾದ ಹಾಸಿಗೆ ತನ್ನಿ; ಒಂದೊಂದು ಮಗುವಿಗೆ ಒಂದೊಂದು, ತಾಯಿಯ ಮಂಚದ ಪಕ್ಕದಲ್ಲೇ. ಅಂಗಾತ ಮಲಗಿಸಿ. ದಿಂಬು ಬೇಡ, ಮುಖದ ಬಳಿ ಕೌದಿ ಬೇಡ, ಮಲಗಿದಾಗ ಕುಂಚಿಗೆಯೂ ಬೇಡ. ಜೋಳಿಗೆಯಲ್ಲಿ ಗದ್ದ ಎದೆಗೆ ಒತ್ತಿದರೆ ಉಸಿರ ದಾರಿ ಕಿರಿದಾಗುತ್ತದೆ, ಅಲ್ಲಿ ತಾಸುಗಟ್ಟಲೆ ಬಿಡಬೇಡಿ. ಬಾಣಂತಿಗೆ ಕಾವು ಕೊಡಲೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಶೇಗಡಿ ಇಡುವ ರೂಢಿಯಂತೂ ನಿಲ್ಲಲಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಪ್ಯಾಡಿಗೆ, ಮೈಕಿಗೆ ಅದು ಗೊತ್ತಾಗುವುದಿಲ್ಲ, ಕಾಲುಚೀಲವೂ ಮೋಸಹೋಗುತ್ತದೆ: ಆ ಅನಿಲ ಹಿಡಿದ ರಕ್ತ ಆಕ್ಸಿಮೀಟರಿನ ಕಣ್ಣಿಗೆ ಆಮ್ಲಜನಕ ತುಂಬಿದ ರಕ್ತದಂತೆಯೇ ಕಾಣುತ್ತದೆ.

ಬೇಗ ಹುಟ್ಟಿದವರಿಗೆ ವೈದ್ಯರೇ ಮಾನಿಟರ್ ಬರೆದುಕೊಟ್ಟರೆ ಮಾತು ಬೇರೆ. ಆಗ ಯಾವ ಮಿತಿಗೆ ಅಲಾರಂ, ಕೂಗಿದಾಗ ಮೊದಲು ಏನು ನೋಡಬೇಕು, ಯಾವಾಗ 108ಕ್ಕೆ ಫೋನ್ ಮಾಡಬೇಕು ಎಂಬುದನ್ನು ಬರೆಸಿಕೊಳ್ಳಿ. ಯಂತ್ರವನ್ನು ಯಾವಾಗ ತೆಗೆಯಬೇಕೆಂದೂ ಕೇಳಿ. 2001ರ ಅಧ್ಯಯನದಲ್ಲಿ ಬೇಗ ಹುಟ್ಟಿದ ಮಕ್ಕಳ ತೀವ್ರ ತಡೆಗಳು, ಗರ್ಭದ ದಿನಗಳನ್ನೂ ಸೇರಿಸಿ ಎಣಿಸಿದಾಗ, 43 ವಾರದ ಹೊತ್ತಿಗೆ ಉಳಿದವರ ಮಟ್ಟಕ್ಕೇ ಇಳಿದಿದ್ದವು. 33 ವಾರಕ್ಕೆ ಹುಟ್ಟಿದ ಜೋಡಿಗೆ ಅದು ಎರಡು ತಿಂಗಳು, ಮೇಲೆ ಒಂದೆರಡು ವಾರ.