ಗೋವಿನಜೋಳಕ್ಕೆ ತುಂತುರು ನೀರು: ಕೊಳವೆಯ ಎತ್ತರ

1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಗೋವಿನಜೋಳವು ಮುಖ್ಯ ಪೈರಾಗಿರುತ್ತದೆ. ಮಳೆ ತಪ್ಪಿದಾಗ ಕೊಳವೆಬಾವಿಯುಳ್ಳ ಒಕ್ಕಲಿಗರು ಇದಕ್ಕೆ ತುಂತುರು ನೀರು ಕೊಡುವದುಂಟು.

ಪೈರು ಮೊಳಕಾಲೆತ್ತರವಿರುವಾಗ ಎರಡೂವರೆ ಅಡಿಯ ನಿಲುಗೊಳವೆ ಸಾಕಾಗುವದು. ಆದರೆ ಸೂಲಂಗಿ ಬಿಡುವ ಕಾಲಕ್ಕೆ ದಂಟು ಆಳೆತ್ತರವನ್ನು ಮೀರುವದು. ಆಗ ನೀರಿನ ಧಾರೆಯು ಎಲೆದಂಟುಗಳಿಗೆ ಬಡಿದು ಕೊಳವೆಯ ಸುತ್ತಲೇ ಸುರಿಯುವದು. ದೂರದ ಸಾಲುಗಳು ಒಣಗಿಯೇ ಉಳಿಯುವವು. ಕಾಳು ಕಟ್ಟುವದು ಈ ದಿನಗಳ ತೇವವನ್ನೇ ಅವಲಂಬಿಸಿರುವದರಿಂದ, ರಾತ್ರಿಯಿಡೀ ಪಂಪು ನಡೆಸಿದರೂ ಆ ಸಾಲುಗಳ ತೆನೆ ಅರೆಗಾಳಾಗುವ ಭಯವಿದೆ.

ಇದಕ್ಕೆ ಉಪಾಯವು ಕಠಿಣವಲ್ಲ. ಅದೇ ದಪ್ಪದ ಕೊಳವೆಯ ತುಂಡನ್ನು ಜೋಡಿಸಿ, ನೀರು ಚಿಮ್ಮುವ ತಲೆಯು ಸೂಲಂಗಿಗಿಂತ ಒಂದಡಿ ಮೇಲಿರುವಂತೆ ಮಾಡತಕ್ಕದ್ದು. ಉದ್ದನೆಯ ಕೊಳವೆಯು ಅಲುಗಾಡುವದರಿಂದ ಮೂರು ಬಿದಿರುಗಳವನ್ನು ಮುಕ್ಕಾಲಿಯಂತೆ ನೆಟ್ಟು ಬಿಗಿಯಬೇಕು. ಓರೆಯಾದರೆ ನೀರು ಸಮನಾಗಿ ಬೀಳದು. ಒತ್ತಡ ತಗ್ಗೀತೆಂದು ಅಂಜಬೇಕಾದ್ದಿಲ್ಲ. 10 ಮೀಟರು ಏರಿಸಿದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಕಡಿಮೆಯಾಗುವದು. 2 ಮೀಟರಿಗೆ 0.2 ಮಾತ್ರ. ಆದರೆ ಎತ್ತರದ ತುಂತುರನ್ನು ಗಾಳಿಯು ಬೇಗನೆ ಒಯ್ಯುವದರಿಂದ ಗಾಳಿ ಕಡಿಮೆಯಿರುವ ನಸುಕಿನಲ್ಲಿಯೇ ನೀರು ಬಿಡುವದು ಮೇಲು.

ಸಾಲುಗಳ ನಡುವೆ ಒಂದೇ ಅಳತೆಯ ಡಬ್ಬಿಗಳನ್ನಿಟ್ಟು ಒಂದು ತಾಸಿನ ನಂತರ ನೋಡಿದರೆ ಹೆಚ್ಚುಕಡಿಮೆ ತಿಳಿಯುವದು. ಊರ ಗೌಡರೂ ಜಮೀನುದಾರರೂ ಮೊದಲು ತಮ್ಮ ಹೊಲದಲ್ಲಿ ಇದನ್ನು ಮಾಡಿ ತೋರಿಸಿದರೆ ಉಳಿದವರು ತಾವಾಗಿಯೇ ಅನುಸರಿಸುವರು.